ಅಂಬಿಕಾಗೆ ನಾವು ಕೊಡಿಸಿದ ಕೈ

ಕಳೆದ ವಾರ ಸುಲ್ತಾನ್ ಬಜಾರಿನಲ್ಲಿ ಪಾತ್ರೆ ತಿಕ್ಕಲೆಂದು ರಬ್ಬರಿನ ಕೈಗವಸು ಕೊಂಡೆ. ಸೋಪಿಗೆ ನನ್ನ ಬೆರಳಿನ ಸಂದಿಗಳೆಲ್ಲ ಕೆಂಪಾಗಿ ಬಿರುಕು ಬಿಡುತ್ತಿದ್ದವು. ಮುಲಾಮು ಎಷ್ಟು ಹಚ್ಚಿದರೂ ಅಷ್ಟೆ, ಗವಸು ಹಾಕಿಕೊಳ್ಳಿ ಎಂದು ಔಷಧದ ಅಂಗಡಿಯವನೇ ಹೇಳಿದ್ದ. ಮನೆಗೆ ಬಂದು ಪೊಟ್ಟಣ ಹರಿದಾಗ ರಬ್ಬರಿನ ವಾಸನೆಯೂ ಅದರೊಳಗೆ ಉದುರಿಸಿದ್ದ ಪೌಡರಿನ ವಾಸನೆಯೂ ಒಟ್ಟಿಗೆ ಬಂದವು. ಗವಸನ್ನು ಕಟ್ಟೆಯ ಮೇಲೆಯೇ ಬಿಟ್ಟೆ. ಅವತ್ತಿನ ಪಾತ್ರೆಗಳನ್ನು ಬರಿಗೈಯಲ್ಲೇ ತಿಕ್ಕಿದೆ.

ಆ ವಾಸನೆ ನನಗೆ ಬಾಲಾನಗರದ್ದು. ಬಾಲಾನಗರದಲ್ಲಿ ಲೇತಿನ ಎಣ್ಣೆ, ಕಾದ ಕಬ್ಬಿಣ, ಮಳೆಗೆ ನೆಂದ ಸಿಮೆಂಟು ಎಲ್ಲದರ ವಾಸನೆಯೂ ಇರುತ್ತಿತ್ತು. ಆದರೆ ನನ್ನ ಮೂಗಿನಲ್ಲಿ ಉಳಿದದ್ದು ಒಂದು ಪುಟ್ಟ ರಬ್ಬರ್ ಕೈಯದು. ಏಳು ವರ್ಷದ ಹುಡುಗಿಯೊಬ್ಬಳಿಗಾಗಿ ನಾವೊಂದಷ್ಟು ಹೆಂಗಸರು ಸೇರಿ ಮಾಡಿಸಿದ ಕೈ.

ಈಗ ನಾವು ಹಿಮಾಯತ್‌ನಗರದಲ್ಲಿದ್ದೇವೆ. ಕೊರೋನಾ ಕಳೆದ ಮೇಲಿನ ಎರಡನೆಯ ಮಳೆಗಾಲದಲ್ಲಿ ಬಾಲಾನಗರದ ಒಂದು ಓಣಿಯಲ್ಲಿ, ಎರಡನೆಯ ಮಾಳಿಗೆಯ ಬಾಡಿಗೆ ಮನೆಯಲ್ಲಿದ್ದೆವು. ಇದ್ದೆವು ಅನ್ನುವುದಕ್ಕಿಂತ ಇದ್ದೆ ಅನ್ನುವುದೇ ಸರಿ. ನಮ್ಮವರು ವಿಮಾನದ ಉಪಕರಣ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಕಲಬುರಗಿಯಿಂದ ಸಾಮಾನು ತಂದು ಈ ತೆಲುಗಿನ ಊರಲ್ಲಿ ಇಳಿಸಿ ವರ್ಷ ತುಂಬುವಷ್ಟರಲ್ಲಿ ಅವರನ್ನು ಎಂಟು ತಿಂಗಳ ಮಟ್ಟಿಗೆ ನಾಸಿಕಕ್ಕೆ ಕಳಿಸಿದರು. ಮಕ್ಕಳಿಲ್ಲ. ತೆಲುಗು ಬಾರದು. ನನ್ನ ಹಿಂದಿಯೋ ಕಾನ್ವೆಂಟಿನಲ್ಲಿ ಪಾಠ ಓದಿ ಬಂದದ್ದು. ತರಕಾರಿಯವಳ ಹತ್ತಿರ 'ಕೃಪಯಾ' ಎಂದದ್ದಕ್ಕೆ ಅವಳು ತನ್ನ ಪಕ್ಕದವಳನ್ನು ತಿವಿದು ನಕ್ಕಿದ್ದಳು.

ಒಬ್ಬಳಿಗೆ ಅಂತ ಸಾರು ಮಾಡುವುದು ಬಹಳ ಕಷ್ಟ. ಎಷ್ಟು ಕಡಿಮೆ ಮಾಡಿದರೂ ಉಳಿಯುತ್ತದೆ. ಮಧ್ಯಾಹ್ನ ಲೇತ್ ಅಂಗಡಿಗಳವರು ಊಟಕ್ಕೆ ಯಂತ್ರ ನಿಲ್ಲಿಸಿದಾಗ ಓಣಿಯಲ್ಲಿ ಇದ್ದಕ್ಕಿದ್ದಂತೆ ಸದ್ದು ಅಡಗುತ್ತಿತ್ತು. ಆ ಹೊತ್ತಿಗೆ ನನ್ನ ಮನೆಯ ಗಡಿಯಾರ ಕೇಳಿಸುತ್ತಿತ್ತು. ಸದ್ದು ಮತ್ತೆ ಶುರುವಾಗಲಿ ಎಂದು ಕಾಯುತ್ತ ಕೂಡುತ್ತಿದ್ದೆ.

ಜೂನಿನ ಮೊದಲ ಮಳೆ ಬಿದ್ದ ಮರುದಿನ ಕೆಳಗಿನಿಂದ ಒಂದು ದನಿ ಬಂತು. "ಏ ಅಂಬೀ, ಪೈಪ್ ಬಿಟ್ಟು ಎಲ್ಲಿ ಹೊಂಟಿ? ಕೊಡ ತುಂಬ್ಯಾವ ನೋಡು." ಎದುರಿಗೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಬುಡದಲ್ಲಿ ತಗಡಿನ ಶೆಡ್ಡೊಂದಿತ್ತು, ದನಿ ಅಲ್ಲಿಂದ ಬಂದಿತ್ತು. ಫೋನಿನಲ್ಲಲ್ಲದೆ ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ. ಉಳಿದಿದ್ದ ಸಾರಿನ ಡಬ್ಬಿ ಹಿಡಿದುಕೊಂಡು, ಕಾಲಿಗೆ ಸಿಕ್ಕ ಚಪ್ಪಲಿ ಹಾಕಿಕೊಂಡು ಇಳಿದುಹೋದೆ.

ಕೂಗಿದವಳು ದೇವಮ್ಮ, ಯಾದಗಿರಿ ಕಡೆಯವಳು. ಗಂಡ ಸಾಬಣ್ಣ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ, ಅವಳು ಇಟ್ಟಿಗೆ ಹೊರಲಿಕ್ಕೆ. ದೊಡ್ಡ ಮಗಳು ಅಂಬಿಕಾ, ಇನ್ನೊಂದು ಕೈಗೂಸು. ನಾನು ಹೋದಾಗ ಅಂಬಿಕಾ ಪೈಪನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದು ಬಲಗೈಯಿಂದ ಕೊಡದ ಬಾಯಿ ತೊಳೆಯುತ್ತಿದ್ದಳು. ಅವಳ ಎಡಗೈ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಮುಗಿದಿತ್ತು. ತುದಿ ನುಣ್ಣಗೆ, ಸಣ್ಣ ಆಲೂಗಡ್ಡೆಯ ಹಾಗೆ ದುಂಡಗಿತ್ತು. ಅವಳು ಅದಕ್ಕೆ ಸಣ್ಣಗೈ ಅನ್ನುತ್ತಿದ್ದಳು. ತಂಗಿಯನ್ನು ಎತ್ತಿಕೊಳ್ಳುವುದು ಸಣ್ಣಗೈ ಕಡೆಯ ಸೊಂಟದ ಮೇಲೆ. ಬಿಸ್ಕೀಟಿನ ಪುಡಿಕೆ ಹರಿಯುವಾಗ ಅದನ್ನು ಸಣ್ಣಗೈಯಿಂದ ತೊಡೆಗೆ ಒತ್ತಿ ಹಲ್ಲಿಂದ ಮೂಲೆ ಕಚ್ಚುತ್ತಿದ್ದಳು. ನಾನು ಎರಡು ಕೈಯಿಂದ ಎಳೆದು ಅರ್ಧ ಬಿಸ್ಕೀಟು ಕೆಳಗೆ ಬೀಳಿಸುವವಳು.

ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ದೇವಮ್ಮ ನೋಡಿಬಿಟ್ಟಳು.

"ಗ್ರಹಣದಾಗ ನಾ ಏನೂ ಕೊಯ್ದಿಲ್ರಿ ಅಕ್ಕಾರ," ಎಂದಳು. "ಎಲ್ಲಾರೂ ಅದನ್ನ ಕೇಳತಾರ. ನೀವು ಕೇಳೂಕಿಂತ ಮೊದಲ ಹೇಳಿಬಿಡತೀನಿ."

ನಾನು ಸಾರಿನ ಡಬ್ಬಿ ಮುಂದೆ ಚಾಚಿದೆ.

ಹಾಗೆ ನಾನು ದಿನಾ ಇಳಿಯತೊಡಗಿದೆ. ಎದುರಿನ ಕಟ್ಟಡದ ಮೂರನೆಯ ಮಹಡಿಯ ಸ್ಲ್ಯಾಬ್ ಹಾಕಿ ಮುಗಿದಿತ್ತು, ಗೋಡೆಗಳಿನ್ನೂ ಎದ್ದಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಅಂಬಿಕಾ ಅಲ್ಲಿ ಹತ್ತಿ ನಿಲ್ಲುತ್ತಿದ್ದಳು. ಅಲ್ಲಿಂದ ಹಿಂದಿನ ಬೀದಿಯ ಶಾಲೆಯ ಅಂಗಳ ಕಾಣುತ್ತಿತ್ತು. ಸಿಸ್ಟರುಗಳು ನಡೆಸುವ ಸಣ್ಣ ಶಾಲೆ. ಪ್ರಾರ್ಥನೆಗೆ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲುವುದು, ಗಂಟೆ, ಕೈ ಜೋಡಿಸುವುದು, ಹಾಡು. ಅರ್ಥ ಗೊತ್ತಿಲ್ಲದ ಇಂಗ್ಲಿಷಿನ ಆ ಹಾಡನ್ನು ಅವಳು ಪೂರ್ತಿ ಕಲಿತಿದ್ದಳು. ಯಾವ ಟೀಚರ್ ದಿನಾ ತಡವಾಗಿ ಬರುತ್ತಾಳೆ, ಯಾವ ಹುಡುಗಿಯ ಜಡೆ ಬಿಚ್ಚಿಹೋಗಿದೆ, ಎಲ್ಲ ವರದಿ ನನಗೆ ಬರುತ್ತಿತ್ತು. ಅವಳಿಗೆ ಬೇಕಾದದ್ದು ಒಂದೇ: ಆ ಸಾಲಿನಲ್ಲಿ ನಿಲ್ಲುವುದು.

ಕಟ್ಟಡದ ಕೆಲಸದವರ ಮಕ್ಕಳಿಗೆಂದು ಆ ಶಾಲೆಯಲ್ಲಿ ಕೆಲವು ಜಾಗ ಬಿಡುತ್ತಿದ್ದರು. ನಾನೂ ಹತ್ತು ವರ್ಷ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಅವರ ಹತ್ತಿರ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಎಂಬುದು ಗೊತ್ತಿತ್ತು. ಅಂಬಿಕಾಗೆ ತಲೆ ಬಾಚಿ ಕರೆದುಕೊಂಡು ಹೋದೆ. ಹೆಡ್ ಸಿಸ್ಟರ್ ಕಠಿಣ ಮನಸ್ಸಿನವರಲ್ಲ. ಮಗುವಿನ ಗಲ್ಲ ಮುಟ್ಟಿದರು, ಹೆಸರು ಕೇಳಿದರು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಉಳಿದ ಮಕ್ಕಳು ಇದನ್ನೇ ನೋಡುತ್ತಾ ಕೂಡುತ್ತಾರೆ, ತಾಯಂದಿರು ಬಂದು ಏನೇನೋ ಕೇಳುತ್ತಾರೆ, ಮಗುವಿಗೇ ನೋವು. ಮೊದಲು ಒಂದು ಕೈ ಹಾಕಿಸಿ, ಈಗ ಎಲ್ಲ ಸಿಗುತ್ತವಲ್ಲ. ಆಗಸ್ಟ್ ಮುಗಿಯುವ ತನಕ ಅವಳ ಜಾಗ ಇಟ್ಟಿರುತ್ತೇನೆ.

ನನಗದು ನ್ಯಾಯದ ಮಾತೆನಿಸಿತು. "ಥ್ಯಾಂಕ್ಯೂ ಸಿಸ್ಟರ್" ಎಂದು ಎದ್ದು ಬಂದೆ. ದಾರಿಯಲ್ಲಿ ಅಂಬಿಕಾ, "ತಗೊಂಡ್ರೇನ್ರಿ ಅಕ್ಕಾರ?" ಎಂದು ಕೇಳಿದಾಗ, ತಗೋತಾರ, ಮೊದಲ ನಿನಗೊಂದು ಕೈ ತರೋಣ ಎಂದೆ. ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು.

ಹಿಮಾಯತ್‌ನಗರದಲ್ಲಿ ತಿಂಗಳಿಗೊಮ್ಮೆ ಕನ್ನಡದ ಹೆಂಗಸರು ಸೇರುತ್ತಾರೆಂದು ಕೇಳಿದ್ದೆ. ಹೋಗಲು ಸಂಕೋಚವಾಗಿ ವರ್ಷವಿಡೀ ಹೋಗಿರಲಿಲ್ಲ. ಆ ತಿಂಗಳು ಹೋದೆ. ಒಂದು ಹಾಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ, ಹೆಚ್ಚಿನವರು ಕಲಬುರಗಿ, ಬೀದರ, ವಿಜಯಪುರದ ಕಡೆಯವರು. ಮುಂದೆ ಕೂತವರು ಶಕುಂತಲಾ ಕಾಕು. ಅವರ ಮನೆಯವರದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ. ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ, ಅವರಿಗಿಂತ ದೊಡ್ಡವರಿಗೂ. ನಾನು ಎದ್ದು ನಿಂತು ಬರೆದುಕೊಂಡು ಹೋಗಿದ್ದನ್ನು ಓದಿದೆ.

ಓದಿ ಮುಗಿಸುವಷ್ಟರಲ್ಲಿ ಕಾಕು ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಿದ್ದರು. "ನಮ್ಮ ಕಡೀ ಕೂಸು. ಯಾರೂ ಇಲ್ಲಂತ ತಿಳಕೋಬಾರದು. ಏಳ್ರಿ, ಯಾರ್ಯಾರು ಏನೇನು ಮಾಡ್ತೀರಿ ಹೇಳ್ರಿ," ಎಂದರು. ಒಬ್ಬರು ಬೂಟು, ಒಬ್ಬರು ಚೀಲ, ಪುಸ್ತಕ. ಒಬ್ಬರ ಮೈದುನನಿಗೆ ಕೃತಕ ಕೈಕಾಲು ಮಾಡುವ ಕೇಂದ್ರವೊಂದರ ಪರಿಚಯವಿತ್ತು. ಓಡಾಟಕ್ಕೆ ಕಾರು ಇನ್ನೊಬ್ಬರದು. ಯೂನಿಫಾರ್ಮಿನ ಬಟ್ಟೆ ಕಾಕುವಿನ ಅಂಗಡಿಯಿಂದ. ತೋಳು ಮಾತ್ರ ಪೂರ್ತಿ ಉದ್ದ ಇರಲಿ ಎಂದು ಮೂರು ಜನ ಮೂರು ಸಲ ಹೇಳಿದರು. ಹಿಂದಿನ ಸಾಲಿನಲ್ಲಿ ಗ್ರಹಣದ ಮಾತು ಪಿಸುಪಿಸು ಎದ್ದಿತು. ತಾಯಿ ಏನೂ ಕೊಯ್ದಿಲ್ಲವಂತೆ ಎಂದು ನಾನು ಹೇಳಿದೆ, ಅದನ್ನು ಅಲ್ಲಿ ಹೇಳುವ ಅಗತ್ಯವೇನಿತ್ತೋ.

ಆ ಜುಲೈ ತಿಂಗಳಿಡೀ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಅಳತೆಗೆ ಯಾವ ದಿನ, ಕಾರು ಎಷ್ಟು ಗಂಟೆಗೆ, ಅಂಬಿಕಾಗೆ ಬೂಟಿನ ನಂಬರ್ ಯಾವುದು. ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ಹೆಂಗಸರು ನನ್ನ ಮನೆಗೆ ಬಂದರು, ಮಂಡಕ್ಕಿ ಒಗ್ಗರಣೆ ತಿಂದರು, ಹೊಸ್ತಿಲಲ್ಲಿ ಚಪ್ಪಲಿಗಳು ರಾಶಿ ಬಿದ್ದವು. ಗಡಿಯಾರದ ಸದ್ದು ಕೇಳಿಸುತ್ತಿರಲಿಲ್ಲ. ನಮ್ಮವರು ಫೋನ್ ಮಾಡಿದಾಗ, ಆಮ್ಯಾಲೆ ಮಾತಾಡ್ತೀನ್ರಿ, ಮಂದಿ ಬಂದಾರ ಎಂದು ಇಟ್ಟುಬಿಡುತ್ತಿದ್ದೆ. ಹಾಗೆ ಹೇಳುವುದು ನನಗೆ ಎಷ್ಟು ಖುಷಿ ಕೊಡುತ್ತಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೇಂದ್ರದಲ್ಲಿ ಅಳತೆ ತೆಗೆದವನು ತೆಲುಗಿನ ಒಬ್ಬ ವಯಸ್ಸಾದ ಮನುಷ್ಯ. ಬಿಳಿ ಪ್ಲಾಸ್ಟರಿನಿಂದ ಸಣ್ಣಗೈಯ ಅಚ್ಚು ತೆಗೆಯುವಾಗ ಅಂಬಿಕಾ ಕಚಗುಳಿಯಾಗಿ ನಕ್ಕಳು, ಅವನೂ ನಕ್ಕ. ಆಮೇಲೆ ನನ್ನನ್ನು ಹಿಂದಿಯಲ್ಲಿ ಕೇಳಿದ, ಕೆಲಸಕ್ಕೋ ನೋಡುವುದಕ್ಕೋ ಎಂದು. ನನಗೆ ತಿಳಿಯಲಿಲ್ಲ. ಅವನು ಕಪಾಟಿನಿಂದ ಎರಡು ತಂದು ಮೇಜಿನ ಮೇಲಿಟ್ಟ. ಒಂದು ಕವಲೊಡೆದ ಕಬ್ಬಿಣದ ಇಕ್ಕುಳ, ಹೆಗಲಿನ ಪಟ್ಟಿ ಎಳೆದರೆ ತೆರೆದು ಮುಚ್ಚುವಂಥದು. ಇನ್ನೊಂದು ಐದು ಬೆರಳಿನ, ಉಗುರೂ ಇದ್ದ ರಬ್ಬರಿನ ಕೈ. ಅಂಬಿಕಾ ಇಕ್ಕುಳವನ್ನು ಎತ್ತಿಕೊಂಡು ತೆರೆದಳು, ಮುಚ್ಚಿದಳು, ಮೇಜಿನ ಮೇಲಿದ್ದ ಪೆನ್ನನ್ನು ಅದರಿಂದ ಹಿಡಿಯಲು ನೋಡಿದಳು. ನಾನು ಅವಳ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟೆ. ಇದನ್ನು ಹಾಕಿಕೊಂಡು ಪ್ರಾರ್ಥನೆಯ ಸಾಲಿನಲ್ಲಿ ನಿಂತರೆ ಸಿಸ್ಟರ್ ಏನನ್ನುತ್ತಾರೆ, ಅಷ್ಟೇ ನನ್ನ ತಲೆಯಲ್ಲಿ. ಆ ಮನುಷ್ಯ ಕಾಯುತ್ತಿದ್ದ. "ಕೈಯ ಹಾಗೆ ಕಾಣಬೇಕು," ಎಂದೆ. ಅವನು ಅಂಬಿಕಾಳನ್ನೊಮ್ಮೆ ನೋಡಿ, ಬರೆದುಕೊಂಡ.

ಬಣ್ಣ ಆರಿಸಲು ಕಾಕು ಖುದ್ದಾಗಿ ಬಂದರು. ತುಂಡು ರಬ್ಬರುಗಳನ್ನು ಕೋದಿದ್ದ ಮಾದರಿಯ ಗೊಂಚಲು ಕೊಟ್ಟರು. ಸೀರೆಗೆ ಜಾಕೀಟಿನ ಬಟ್ಟೆ ಹೊಂದಿಸುವ ಹಾಗೆ ಕಾಕು ಒಂದೊಂದನ್ನೇ ಹುಡುಗಿಯ ತೋಳಿಗೆ ಹಿಡಿದು, ಕಿಟಕಿಯ ಬೆಳಕಿಗೆ ಕರೆದೊಯ್ದು, ಕಣ್ಣು ಕಿರಿದು ಮಾಡಿ ನೋಡಿದರು. ಸರಿಯಾಗಿ ಹೊಂದುವುದು ಸಿಕ್ಕಿತು. ಅದನ್ನು ಬಿಟ್ಟು ಅದರ ಪಕ್ಕದ್ದನ್ನು ಹಿಡಿದರು. "ಒಂದು ಶೇಡ್ ತಿಳೀನ ಇರ್ಲಿ. ಸಾಲಿಗೆ ಹೋದ್ಮ್ಯಾಲೆ ಬಿಸಿಲಾಗ ಅಡ್ಡಾಡೂದು ತಪ್ಪತದ, ಹುಡುಗಿ ಬೆಳ್ಳಗಾಗ್ತಾಳ." ನಾವೆಲ್ಲ ಹೌದೆಂದೆವು.

ಶ್ರಾವಣದಲ್ಲಿ ಅದೇ ಹಾಲಿನಲ್ಲಿ ಕೈ ಕೊಡುವ ಕಾರ್ಯಕ್ರಮವಾಯಿತು. ಅಂಬಿಕಾ ಎಲ್ಲರಿಗೂ ಎರಡು ಕೈ ಜೋಡಿಸಿ ನಮಸ್ಕಾರ ಮಾಡಬೇಕೆಂದು ಮೊದಲೇ ಮಾತಾಗಿತ್ತು. ವಾರವಿಡೀ ನಾನು ಅವಳನ್ನು ಮೆಟ್ಟಿಲಿನ ತಿರುವಿನಲ್ಲಿ ನಿಲ್ಲಿಸಿ ರೂಢಿ ಮಾಡಿಸಿದೆ. ರಬ್ಬರ್ ಬೆರಳುಗಳು ಅರ್ಧ ಬಾಗಿದಂತೆ ಇದ್ದವು, ಅಂಗೈಗೆ ಅಂಗೈ ಕೂಡುತ್ತಿರಲಿಲ್ಲ. ಬಲಗೈಯನ್ನೇ ಸ್ವಲ್ಪ ಬಾಗಿಸಿ ಅದಕ್ಕೆ ಹೊಂದಿಸುವುದನ್ನು ಅವಳೇ ಕಂಡುಹಿಡಿದಳು. ಅವತ್ತು ಉದ್ದ ತೋಳಿನ ಅಂಗಿಯಲ್ಲಿ ನಿಂತು ಹಾಗೆಯೇ ಮಾಡಿದಳು. ಹಾಲಿನಲ್ಲಿದ್ದವರ ಕಣ್ಣೆಲ್ಲ ಒದ್ದೆ. "ನೋಡ್ರಿ, ಈಗ ಪೂರ್ತಿ ಆದ್ಲು," ಎಂದರು ಕಾಕು. ದೇವಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳು ನೆಲದ ಹೂವಿನ ಚಿತ್ರದ ಟೈಲ್ಸ್ ನೋಡುತ್ತಿದ್ದಳು. ಫೋಟೋ ತೆಗೆದರು. ಅದರ ಒಂದು ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೂ ಹೋಯಿತು.

ಆಗಸ್ಟ್ ಕೊನೆಯ ವಾರ ಅಂಬಿಕಾ ಒಂದನೆಯ ತರಗತಿಯ ಸಾಲಿನಲ್ಲಿ ನಿಂತಳು. ಕಾಕು ಸಿಹಿ ಕಳಿಸಿದರು.

ಅಲ್ಲಿಗೆ ಎಲ್ಲರ ಕೆಲಸವೂ ಮುಗಿದಿತ್ತು. ಫೋನುಗಳು ಒಂದೊಂದಾಗಿ ನಿಂತವು. ಗಣಪತಿ ಹಬ್ಬ ಬಂತು, ಹೋಯಿತು. ದೇವಮ್ಮ ಕಂಡಾಗಲೆಲ್ಲ ಕೇಳುತ್ತಿದ್ದೆ, ಅಂಬಿಕಾ ಹೆಂಗ ಓದ್ತಾಳ ಅಂತ. "ಛಲೋ ಐತ್ರಿ ಅಕ್ಕಾರ," ಎನ್ನುತ್ತಿದ್ದಳು. ಹುಡುಗಿ ಮಾತ್ರ ನನ್ನನ್ನು ಕಂಡರೆ ಶೆಡ್ಡಿನೊಳಗೆ ಸರಿಯುತ್ತಿದ್ದಳು. ಶಾಲೆಗೆ ಹೋಗುವ ಮಕ್ಕಳಿಗೆ ನಮ್ಮಂಥವರು ಯಾಕೆ ಬೇಕು ಅಂದುಕೊಂಡೆ, ಸ್ವಲ್ಪ ನೋವೂ ಆಯಿತು. ಮಧ್ಯಾಹ್ನ ಮತ್ತೆ ಗಡಿಯಾರ.

ದಸರೆಯ ರಜೆಯಲ್ಲಿ ಬತುಕಮ್ಮ ಹಬ್ಬ. ಓಣಿಯ ಹೆಂಗಸರು ತಂಗಡಿ ಹೂವು, ಗುನುಗು ಹೂವುಗಳನ್ನು ತಟ್ಟೆಯಲ್ಲಿ ಗೋಪುರದ ಹಾಗೆ ಪೇರಿಸಿ ತಂದು ನಡುವೆ ಇಟ್ಟು, ಸಂಜೆ ಸುತ್ತ ತಿರುಗುತ್ತ ಚಪ್ಪಾಳೆ ತಟ್ಟಿ ಹಾಡುತ್ತಾರೆ. ಆ ಹಾಡುಗಳು ನನಗೆ ಬಾರದವು, ಹಾಗಾಗಿ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ಎಲ್ಲ ಚಪ್ಪಾಳೆಗಳ ನಡುವೆ ಒಂದು ಬೇರೆ ಸದ್ದು ಬರುತ್ತಿತ್ತು. ಅಂಗೈ ಬರಿ ಮೈಗೆ ಬಡಿದ ಹಾಗೆ, ಮೆತ್ತಗೆ, ಆದರೆ ತಾಳ ತಪ್ಪದೆ. ಬಗ್ಗಿ ನೋಡಿದರೆ ಅಂಬಿಕಾ. ಬಲ ಅಂಗೈಯನ್ನು ಸಣ್ಣಗೈಯ ತುದಿಗೆ ತಟ್ಟುತ್ತ, ಬಾಗುತ್ತ, ಏಳುತ್ತ ಸುತ್ತುತ್ತಿದ್ದಳು. ರಬ್ಬರ್ ಕೈ ಇರಲಿಲ್ಲ. ಅವಳು ಅಷ್ಟು ನಗುವುದನ್ನು ಕಂಡು ತಿಂಗಳಾಗಿತ್ತು.

ಇಳಿದುಹೋಗಿ ಅವಳನ್ನು ಪಕ್ಕಕ್ಕೆ ಕರೆದೆ. ಬೀದಿ ದೀಪದಲ್ಲಿ ತೋಳು ಕಂಡಿತು. ಮೊಣಕೈ ಸುತ್ತ ಪಟ್ಟಿ ಕೂಡುವ ಜಾಗದಲ್ಲಿ ಉಂಗುರದ ಹಾಗೆ ಹುಣ್ಣು. ಕೆಲವು ಒಣಗಿದ್ದವು, ಎರಡು ಇನ್ನೂ ಹಸಿ. ನಾನು ಪೌಡರ್ ಹಾಕಿ, ಪೌಡರ್ ಹಾಕಿ ಎಂದು ಹೇಳಿಕಳಿಸುತ್ತಿದ್ದೆ. ಬೆವರಿಗೆ ಆ ಪೌಡರೇ ಮುದ್ದೆಯಾಗಿ ಕೊರೆದಿತ್ತು.

ಸಾಲಿಗೆ ಹೆಂಗ ಹೋಗ್ತಿದ್ದಿ ಇದನ್ನ ಇಟ್ಕೊಂಡು ಎಂದು ಕೇಳಿದೆ. ಅವಳು ತಾಯಿಯ ಕಡೆ ನೋಡಿದಳು.

ಗಣಪತಿ ಹಬ್ಬದ ಮೇಲೆ ಅವಳು ಹೆಚ್ಚು ದಿನ ಹೋಗಿಯೇ ಇರಲಿಲ್ಲ. ಆ ಕೈ ಹಾಕಿಕೊಂಡರೆ ಪುಸ್ತಕ ಜಾರುತ್ತಿತ್ತು. ಬರೆಯುವಾಗ ಹಾಳೆಯನ್ನು ಒತ್ತಿ ಹಿಡಿಯಲು ಆಗುತ್ತಿರಲಿಲ್ಲ, ಹಾಳೆ ತಿರುಗಿಬಿಡುತ್ತಿತ್ತು. ತೆಗೆದು ಚೀಲದಲ್ಲಿಟ್ಟರೆ ಟೀಚರ್ ಹಾಕಿಸುತ್ತಿದ್ದರು, ಅಷ್ಟು ಮಂದಿ ಕೂಡಿ ಕೊಟ್ಟಿದ್ದಾರೆ, ಬೋರ್ಡಿನ ಮೇಲೆ ಫೋಟೋ ಇದೆ ಎಂದು. ಪಕ್ಕದ ಮಕ್ಕಳು ಆ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಆಡುತ್ತಿದ್ದರಂತೆ. ಅದಕ್ಕೆ ಅವಳು ಬೆಳಿಗ್ಗೆ ಅಂಗಿ ತೊಟ್ಟು, ಚೀಲ ಹಾಕಿಕೊಂಡು, ಮೂರನೆಯ ಮಹಡಿಗೆ ಹತ್ತುತ್ತಿದ್ದಳು. ಅಲ್ಲಿಂದಲೇ ಪ್ರಾರ್ಥನೆ ನೋಡುತ್ತಿದ್ದಳು.

ನಾನು ದೇವಮ್ಮನನ್ನು ನೋಡಿದೆ.

"ನಿಮಗ ಹ್ಯಾಂಗ ಹೇಳಬೇಕ್ರಿ?" ಎಂದಳು. "ಅಷ್ಟು ಓಡ್ಯಾಡಿ ತಂದೀರಿ. ಮಗಳ ಕೈ ನೋಡಿದ್ರ ಹೊಟ್ಟಿ ಉರೀತಿತ್ತು, ನಿಮ್ಮ ಮಾರಿ ನೋಡಿದ್ರ ಬಾಯಿ ಬರ್ತಿರಲಿಲ್ಲ." ಆಮೇಲೆ ತಗಡಿನ ಸಂದಿಯಿಂದ ಶಾಲೆಯ ಚೀಟಿ ತೆಗೆದುಕೊಟ್ಟಳು. ಇಂಗ್ಲಿಷಿನಲ್ಲಿತ್ತು, ಅವರಿಗೆ ಓದಲು ಬಂದಿರಲಿಲ್ಲ. ರಜೆ ಮುಗಿದ ಮೊದಲ ದಿನ ಬಾರದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಬರೆದಿತ್ತು.

ಆರು ದಿನ ಉಳಿದಿದ್ದವು.

ಮರುದಿನವೇ ಸುಲ್ತಾನ್ ಬಜಾರಿಗೆ ಹೋದೆ. ದಸರೆಯ ಗದ್ದಲ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಾಕು ಕೆಂಪು ಬಟ್ಟೆಯ ರಾಶಿಯ ಹಿಂದೆ ಕೂತಿದ್ದರು. ಹುಣ್ಣಿನ ವಿಷಯ ಹೇಳಿದೆ. ಲೊಚಗುಟ್ಟಿದರು, ಎಣ್ಣೆ ಹಚ್ಚಲು ಹೇಳು ಎಂದರು. ಕೈ ಬೇಡ, ಕೈ ಇಲ್ಲದೆಯೇ ಶಾಲೆಗೆ ಸೇರಿಸಿಕೊಳ್ಳಿ ಅಂತ ಎಲ್ಲರೂ ಒಂದು ಕಾಗದಕ್ಕೆ ಸಹಿ ಮಾಡೋಣ, ಅವತ್ತು ಹಾಲಿನಲ್ಲಿ ಮುಂದೆ ಬಂದಂತೆ ನಾಲ್ಕು ಜನ ಬಂದು ಸಿಸ್ಟರ್ ಮುಂದೆ ಕೂತರೆ ಸಾಕು ಎಂದೆ. ಕಾಕು ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

"ಸುಮಾ, ಕೈ ಕೊಡೂಮುಂದ ಹಾಲ್ ತುಂಬ ಮಂದಿ ಇದ್ರು. ಈಗ ಅದೇ ಮಂದೀಗೆ ಹೋಗಿ, ನೀವು ಕೊಟ್ಟದ್ದು ಬ್ಯಾಡಂತ ಹೇಳಲೇನು? ನಾಳೆ ಇನ್ನೊಂದು ಕೂಸಿಗೆ ಕೇಳಿದ್ರ ಯಾರು ಏಳ್ತಾರ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗಾಗಿ ಮಜ್ಜಿಗೆ ತರಿಸಿದರು. ಉಳಿದವರಿಗೆ ಫೋನ್ ಮಾಡಿದೆ. ಒಬ್ಬರ ಮನೆಯಲ್ಲಿ ಬೊಂಬೆ ಕೂಡಿಸಿದ್ದರು, ಒಬ್ಬರು ಊರಿಗೆ ಹೊರಟಿದ್ದರು. ರೂಢಿಯಾಗಲಿಕ್ಕೆ ದಿನ ಹಿಡಿಯುತ್ತೆ, ನಿಮಗೇ ಅವಸರ ಎಂದವರೂ ಇದ್ದರು. ನನ್ನ ಕಾಗದದಲ್ಲಿ ನನ್ನದೊಂದೇ ಸಹಿ. ನಮ್ಮವರಿಗೆ ಹೇಳಿದಾಗ, ಸಿಸ್ಟರ್ ಹತ್ರ ನೀನು ಇಲ್ಲ ಅನ್ನೂದು ನಾ ನೋಡಬೇಕು ಎಂದು ನಕ್ಕರು. ನಿಜವೇ. ಶಾಲೆಯಲ್ಲಿ ಹತ್ತು ವರ್ಷ, ಬಿಸಿಲಲ್ಲಿ ತಲೆ ಸುತ್ತಿ ಬೀಳುವಾಗಲೂ 'ಯೆಸ್ ಸಿಸ್ಟರ್' ಎಂದವಳು ನಾನು.

ರಜೆ ಮುಗಿದ ದಿನ ದೇವಮ್ಮ ಅರ್ಧ ದಿನದ ಕೆಲಸ ಬಿಟ್ಟು ನನ್ನ ಜೊತೆ ಬಂದಳು. ಅಂಬಿಕಾ ಅಂಗಿಯ ಉದ್ದ ತೋಳನ್ನು ಮಡಚಿಕೊಂಡಿದ್ದಳು. ಹೆಡ್ ಸಿಸ್ಟರ್ ಕೋಣೆಯಲ್ಲಿ ನಾವು ಮೂವರೇ. ನಾನು ತಂದಿದ್ದ ಕಾಗದ ಓದಲು ಹೋಗಿ, ಬಿಟ್ಟೆ. ಅವಳು ಕೈ ಇಲ್ಲದೆ ಬರುತ್ತಾಳೆ ಸಿಸ್ಟರ್ ಎಂದೆ. ಕೇಂದ್ರದಲ್ಲಿ ಆ ರಬ್ಬರ್ ಕೈಯೇ ಬೇಕೆಂದವಳು ನಾನು, ಅವಳಲ್ಲ. ಕೇಳಬೇಕಾದವಳನ್ನು ನಾನು ಕೇಳಲೇ ಇಲ್ಲ ಎಂದೆ. ತೋಳು ತೋರಿಸಿದೆ. ಸಿಸ್ಟರ್ ಹುಣ್ಣುಗಳನ್ನು ಬಹಳ ಹೊತ್ತು ನೋಡಿದರು. ಇದು ನನಗೆ ಯಾರೂ ಹೇಳಲಿಲ್ಲ ಎಂದರು. ನನಗೂ ಹೇಳಿರಲಿಲ್ಲ ಎಂದೆ. ಆದರೂ ಅವರ ಮುಖದಲ್ಲಿ ಇನ್ನೂ ಒಂದು ಪ್ರಶ್ನೆ ಇತ್ತು. ಪ್ರಾರ್ಥನೆಗೆ ಹೇಗೆ ನಿಲ್ಲುತ್ತಾಳೆ ಎಂದು ಕೇಳುತ್ತ, ತಮಗೇ ಗೊತ್ತಿಲ್ಲದಂತೆ ಎರಡು ಕೈ ಜೋಡಿಸಿ ತೋರಿಸಿದರು.

ದೇವಮ್ಮನಿಗೆ ಇಂಗ್ಲಿಷ್ ತಿಳಿಯದು. ಆ ಜೋಡಿಸಿದ ಕೈಗಳು ತಿಳಿದವು.

"ಮನ್ಯಾಗ ದೇವರಿಗೆ ಹ್ಯಾಂಗ ಕೈ ಮುಗೀತಾಳೋ ಹಂಗ ಮುಗೀತಾಳ್ರಿ," ಎಂದಳು. "ಇಷ್ಟು ದಿನ ಆತು, ದೇವ್ರೇನ ಬ್ಯಾಡ ಅಂದಿಲ್ಲ."

ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಸಿಸ್ಟರ್ ಕಿಟಕಿಯ ಕಡೆ ತಿರುಗಿ ಕೂತರು. ಹೊರಗೆ ಗಂಟೆ ಹೊಡೆಯಲು ಎರಡು ನಿಮಿಷವಿತ್ತು. ಕೊನೆಗೆ, ಹಾಗಾದರೆ ಹಿಂದಿನ ಸಾಲಿನಲ್ಲಿ ನಿಲ್ಲಲಿ ಎಂದರು.

"ಅವಳು ಗಿಡ್ಡ, ಸಿಸ್ಟರ್," ಎಂದೆ. "ಎತ್ತರದ ಪ್ರಕಾರ ಮುಂದಿನ ಸಾಲಿಗೆ ಬರುತ್ತಾಳೆ."

ಅವರು ನನ್ನನ್ನು ನೋಡಿದರು. ಆಗಲಿ ಎಂದು ತಲೆಯಾಡಿಸಿದರು. ಅಂಬಿಕಾ ಅದಾಗಲೇ ಬಾಗಿಲಲ್ಲಿದ್ದಳು.

ರಬ್ಬರ್ ಕೈಯನ್ನು ದೇವಮ್ಮ ಹಳೆಯ ದುಪಟ್ಟಾದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಊರಾಗ ಯಾರದರ ಲಗ್ನ ಇದ್ರ ಹಾಕಿ ಕರಕೊಂಡು ಹೋಗತೀನ್ರಿ, ಮಂದಿ ಬಾಯಿ ಮುಚ್ಚತಾರ ಎಂದಳು. ನಾವಿಬ್ಬರೂ ನಕ್ಕೆವು. ಹಿಮಾಯತ್‌ನಗರದ ಹಾಲಿಗೆ ನಾನು ಮತ್ತೆ ಎರಡು ಸಲ ಹೋದೆ. ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. ಆದರೆ ನಾನು ಕೂತ ಕುರ್ಚಿಯ ಪಕ್ಕದ ಕುರ್ಚಿ ಖಾಲಿಯೇ ಇರುತ್ತಿತ್ತು. ಮೂರನೆಯ ಸಲ ಹೋಗಲಿಲ್ಲ.

ಚಳಿಗಾಲವಿಡೀ ಮನೆಯಲ್ಲಿ ಒಬ್ಬಳೇ ಇದ್ದೆ. ಹೊಗೆ ಮಂಜು ಸೇರಿದ ಬೆಳಗುಗಳು. ಎಂಟೂವರೆಗೆ ಬಾಲ್ಕನಿಯಲ್ಲಿ ನಿಂತರೆ ಹಾಡು ಕೇಳಿಸುತ್ತಿತ್ತು, ಅಂಗಳ ಕಾಣುತ್ತಿರಲಿಲ್ಲ. ಎದುರಿನ ಕಟ್ಟಡಕ್ಕೆ ಗೋಡೆಗಳೆದ್ದಿದ್ದವು. ಅಂಬಿಕಾ ಮಧ್ಯಾಹ್ನ ಬಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಶಾಲೆಯ ಸುದ್ದಿ ಹೇಳಿ, ತಂಗಿ ಅಳುತ್ತಾಳೆ ಎಂದು ಓಡುತ್ತಿದ್ದಳು. ಪಕ್ಕದಲ್ಲಿ ಕೂರುವ ಹುಡುಗಿಯ ಜೊತೆ ಜಗಳ, ರಾಜಿ. ಆಮೇಲೆ ಬರುವುದು ಕಡಿಮೆಯಾಯಿತು. ಅವಳಿಗೆ ಗೆಳತಿಯರಾಗಿದ್ದರು. ನಾನು ಕಡಿಮೆ ಸಾರು ಮಾಡುವುದನ್ನು ಕಲಿತೆ.

ಸಂಕ್ರಾಂತಿ ಕಳೆದ ಮೇಲೆ ಕಟ್ಟಡಕ್ಕೆ ಬಣ್ಣ ಬಂತು. ಬಣ್ಣ ಬಂತೆಂದರೆ ಸೆಂಟ್ರಿಂಗ್‌ನವರಿಗೆ ಅಲ್ಲಿ ಕೆಲಸವಿಲ್ಲ. ಸಾಬಣ್ಣನಿಗೆ ಊರಾಚೆ, ಶಂಶಾಬಾದಿನ ಕಡೆ ಹೊಸ ಕಟ್ಟಡ ಸಿಕ್ಕಿತು. ಅವರು ಹೋದ ಮೇಲೆ ಎರಡು ಸಲ ದೇವಮ್ಮ ಫೋನ್ ಮಾಡಿದಳು. ಅಲ್ಲಿಂದ ಇನ್ನೂ ಆಚೆ ಹೋಗುತ್ತೇವೆ ಎಂದಳು. ಬೇಸಿಗೆಯ ಹೊತ್ತಿಗೆ ಆ ನಂಬರು ಹತ್ತದೆ ಹೋಯಿತು. ಫೆಬ್ರವರಿಯಲ್ಲಿ ನಮ್ಮವರು ಬಂದರು, ನಾವು ಮನೆ ಬದಲಿಸಿದೆವು. ಅಂಬಿಕಾಗೆ ಈಗ ಹತ್ತು ತುಂಬಿರಬೇಕು. ಯಾವ ಶಾಲೆ, ಯಾವ ಸಾಲು, ನನಗೆ ಗೊತ್ತಿಲ್ಲ.

ದೇವಮ್ಮನ ಮನೆಯವರು ಬಾಲಾನಗರ ಬಿಟ್ಟ ದಿನ ಬೆಳಿಗ್ಗೆ ಟಿ.ಸಿ. ತರಲು ನಾನೂ ಅಂಬಿಕಾಳೂ ಶಾಲೆಗೆ ಹೋದೆವು. ದೇವಮ್ಮ ಟೆಂಪೋಗೆ ಸಾಮಾನು ಏರಿಸುತ್ತಿದ್ದಳು. ಟಿ.ಸಿ. ಇಲ್ಲದಿದ್ದರೆ ಮುಂದಿನ ಶಾಲೆಯವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ ಎಂದು ನನಗೆ ಭಯ. ಗುಮಾಸ್ತರು ದಪ್ಪ ಕನ್ನಡಕದ ತೆಲುಗಿನವರು, ನಿಧಾನ. ಹೆಸರು ಬರೆದರು, ತಂದೆಯ ಹೆಸರು, ಹುಟ್ಟಿದ ದಿನ, ತರಗತಿ. ನಡತೆ ಉತ್ತಮ ಎಂದು ಬರೆದರು. ಆಮೇಲೆ ಗುರುತಿನ ಚಿಹ್ನೆಗಳ ಜಾಗ ಬಂತು. ಒಂದು, ಎರಡು ಎಂದು ಅಂಕಿ ಹಾಕಿದ ಎರಡು ಗೆರೆ. ಅವರು ಕನ್ನಡಕದ ಮೇಲಿನಿಂದ ಅಂಬಿಕಾಳ ಎಡ ತೋಳನ್ನು ನೋಡಿ, ಕೇಳುವ ಅಗತ್ಯವಿಲ್ಲವೆಂಬಂತೆ ಪೆನ್ನು ಊರಿದರು. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅಂಬಿಕಾ ಮೇಜಿಗೆ ಒರಗಿ, ಕತ್ತೆತ್ತಿ, ಗದ್ದದ ಕೆಳಗಿದ್ದ ಕರಿ ಮಚ್ಚೆಯನ್ನು ಬೆರಳಿಟ್ಟು ತೋರಿಸಿದಳು. ತೆಲುಗಿನಲ್ಲಿ, ಇದನ್ನು ಬರೆಯಿರಿ ಸಾರ್ ಎಂದಳು. ಗುಮಾಸ್ತರು ಬಗ್ಗಿ ನೋಡಿದರು. ಬರೆದರು. ಎರಡನೆಯದಕ್ಕೆ ಅವಳು ಲಂಗವನ್ನು ಒಂದು ಗೇಣು ಎತ್ತಿ ಮೊಣಕಾಲು ತೋರಿಸಿದಳು. ಅಲ್ಲೊಂದು ಹೊಸ ಕಲೆ, ಇನ್ನೂ ಗುಲಾಬಿ ಬಣ್ಣ. ಅದೇನೆಂದು ಅವರು ಕೇಳಿದರು. ಅವಳು ನನ್ನ ಕಡೆ ತಿರುಗಿ, ಕನ್ನಡದಲ್ಲಿ, ನನಗೇ ಗೊತ್ತಿರಲಿಲ್ಲವೇ ಎಂಬಂತೆ ಹೇಳಿದಳು:

"ಖೋಖೋ ಆಡೂಮುಂದ ಬಿದ್ದದ್ದ್ರಿ ಅಕ್ಕಾರ. ಇದ ಸಾಲ್ಯಾಗ."

ಗುಮಾಸ್ತರು ಅದನ್ನೂ ಬರೆದು, ಮೊಹರು ಒತ್ತಿ, ಕಾಗದವನ್ನು ನನಗಲ್ಲ, ಅವಳ ಕೈಗೆ ಕೊಟ್ಟರು. ಅವಳದನ್ನು ಸಣ್ಣಗೈಯಿಂದ ಎದೆಗೊತ್ತಿಕೊಂಡಳು. ಹೊರಗೆ ಬರುವಾಗ ನಾನು ಬಗ್ಗಿ ಮತ್ತೊಮ್ಮೆ ಓದಿದೆ. ಗದ್ದದ ಮಚ್ಚೆ, ಮೊಣಕಾಲಿನ ಕಲೆ. ಮೂರನೆಯದಕ್ಕೆ ಅದರಲ್ಲಿ ಜಾಗವಿರಲಿಲ್ಲ.